ಎಂಟು ವಾರ, ಹತ್ತು ನಾಯಿ, ಒಬ್ಬ ಹುಡುಗ

ನವೆಂಬರ್ 14 ಅಂದರೆ ನಮಗೆಲ್ಲ ಮಕ್ಕಳ ದಿನಾಚರಣೆ. ನೆಹರೂ ಫೋಟೋಗೆ ಹಾರ ಹಾಕಿ, ಭಾಷಣ ಮುಗಿದ ಮೇಲೆ ಚಾಕೊಲೇಟ್ ಹಂಚುತ್ತಿದ್ದ ದಿನ. ಅದೇ ದಿನವನ್ನು ಪ್ರಪಂಚ ವಿಶ್ವ ಮಧುಮೇಹ ದಿನ ಅಂತ ಆಚರಿಸುತ್ತೆ. ಸಿಹಿ ಹಂಚೋ ದಿನವೇ ಸಕ್ಕರೆ ಕಾಯಿಲೆ ದಿನವೂ ಆಗಿರೋದು ತಮಾಷೆ ಅನಿಸಬಹುದು, ಆದರೆ ತಾರೀಖಿಗೆ ಕಾರಣ ಬೇರೆ. 1891ರ ನವೆಂಬರ್ 14ರಂದು ಕೆನಡಾದ ಒಂಟಾರಿಯೊ ಪ್ರಾಂತ್ಯದ ಆಲಿಸ್ಟನ್ ಎಂಬ ಊರಿನ ಪಕ್ಕದ ಒಂದು ರೈತರ ಮನೆಯಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಹುಟ್ಟಿದರು. ಐವರು ಮಕ್ಕಳಲ್ಲಿ ಕೊನೆಯವರು.

ಇನ್ಸುಲಿನ್ ಕಂಡುಹಿಡಿದವರು ಯಾರು ಅಂತ ಕ್ವಿಜ್‌ನಲ್ಲಿ ಕೇಳಿದರೆ ನಾವೆಲ್ಲ ಬಜರ್ ಒತ್ತಿ ಹೇಳೋ ಉತ್ತರ ಬ್ಯಾಂಟಿಂಗ್ ಮತ್ತು ಬೆಸ್ಟ್. ಕತೆಯೂ ಹೆಚ್ಚುಕಡಿಮೆ ಎಲ್ಲರಿಗೂ ಗೊತ್ತು: ಬಡ ಡಾಕ್ಟರು, ರಾತ್ರಿ ಹೊಳೆದ ಐಡಿಯಾ, ಅಡ್ಡಗಾಲು ಹಾಕಿದ ಪ್ರೊಫೆಸರು, ಕೊನೆಗೆ ನೊಬೆಲ್. ಸಿನಿಮಾಕ್ಕೆ ಸರಿಯಾಗಿದೆ. ಆದರೆ ನಾವು ಈ ಸಂಚಿಕೆಗೆ ಅಂತ ಓದುತ್ತಾ ಹೋದಂತೆ ನಮಗೆ ಕಂಡಿದ್ದು ಬೇರೆ. ಸಂಶೋಧನೆಯ ಅನುಭವವೇ ಇಲ್ಲದ 29 ವರ್ಷದ ಒಬ್ಬ ಸರ್ಜನ್‌ಗೆ ಯಾರು ಏನು ಕೊಟ್ಟರು, ಯಾರು ಏನು ಕೊಡಲಿಲ್ಲ ಅನ್ನೋ ಲೆಕ್ಕದಲ್ಲೇ ಅರ್ಧ ಕತೆ ಇದೆ. ಕೊಟ್ಟಿದ್ದರಿಂದ ಔಷಧಿ ಹುಟ್ಟಿತು. ಕೊಡದೆ ಉಳಿದಿದ್ದರಿಂದ ಜೀವಮಾನ ಪೂರ್ತಿ ಉಳಿದ ಕಹಿ ಹುಟ್ಟಿತು.

ಮೊದಲಿಗೆ ಒಂದು ಸಮಾಧಾನದ ಸುದ್ದಿ. ಬ್ಯಾಂಟಿಂಗ್ ಓದಿನಲ್ಲಿ ರ‍್ಯಾಂಕ್ ವಿದ್ಯಾರ್ಥಿ ಅಲ್ಲ. 1910ರಲ್ಲಿ ಟೊರಾಂಟೊದ ವಿಕ್ಟೋರಿಯಾ ಕಾಲೇಜಿಗೆ ಆರ್ಟ್ಸ್ ಓದೋಕೆ ಸೇರಿ, ಮೊದಲ ವರ್ಷವೇ ಫೇಲ್ ಆದರು. ಬ್ಯಾಕ್‌ಲಾಗ್ ಇಟ್ಟುಕೊಂಡ ನಮ್ಮ ಗೆಳೆಯರು ಈ ಸಾಲಿಗೆ ಗೆರೆ ಎಳೆದುಕೊಳ್ಳಬಹುದು. 1912ರಲ್ಲಿ ಮೆಡಿಕಲ್‌ಗೆ ಬದಲಾಯಿಸಿಕೊಂಡರು. ಅಷ್ಟರಲ್ಲಿ ಮೊದಲ ಮಹಾಯುದ್ಧ ಬಂತು. ಸೈನ್ಯಕ್ಕೆ ಡಾಕ್ಟರುಗಳು ಬೇಕಾಗಿದ್ದರಿಂದ ಕೋರ್ಸನ್ನೇ ಅವಸರದಲ್ಲಿ ಮುಗಿಸಿ 1916ರ ಡಿಸೆಂಬರಿನಲ್ಲಿ ಪದವಿ ಕೊಟ್ಟು ಕಳಿಸಿದರು. 1918ರಲ್ಲಿ ಫ್ರಾನ್ಸಿನ ಕಾಂಬ್ರೆ ಹತ್ತಿರ ಶೆಲ್ ಚೂರು ಬಡಿದು ಕೈಗೆ ಗಾಯವಾಯಿತು. ಗಾಯ ಕಟ್ಟಿಕೊಂಡು ಬೇರೆ ಗಾಯಾಳುಗಳನ್ನು ನೋಡುತ್ತಲೇ ಇದ್ದರು ಅಂತ ಮಿಲಿಟರಿ ಕ್ರಾಸ್ ಪದಕ ಬಂತು.

ಯುದ್ಧದಿಂದ ವಾಪಸ್ ಬಂದು ಟೊರಾಂಟೊದ ಮಕ್ಕಳ ಆಸ್ಪತ್ರೆಯಲ್ಲಿ ಸರ್ಜರಿ ತರಬೇತಿ ಮುಗಿಸಿದರು. ಅಲ್ಲೇ ಕಾಯಂ ಕೆಲಸ ಸಿಗುತ್ತೆ ಅಂದುಕೊಂಡಿದ್ದರು, ಸಿಗಲಿಲ್ಲ. 1920ರ ಜುಲೈನಲ್ಲಿ ಲಂಡನ್‌ಗೆ ಹೋಗಿ ಸ್ವಂತ ಕ್ಲಿನಿಕ್ ತೆರೆದರು. ಇದು ಇಂಗ್ಲೆಂಡಿನ ಲಂಡನ್ ಅಲ್ಲ, ಒಂಟಾರಿಯೊದಲ್ಲೇ ಇರೋ ಲಂಡನ್. ಬೋರ್ಡ್ ಹಾಕಿ ಕಾದು ಕೂತರು. ವಾರಗಟ್ಟಲೆ ಯಾರೂ ಬರಲಿಲ್ಲ. ಆ ಮೊದಲ ತಿಂಗಳ ಒಟ್ಟು ಆದಾಯ 4 ಡಾಲರ್. ಮದುವೆ ಆಗಬೇಕು ಅಂದುಕೊಂಡಿದ್ದ ಹುಡುಗಿ ಈಡಿತ್ ರೋಚ್ ಟೀಚರ್ ಆಗಿದ್ದರು, ಅವರ ಸಂಬಳ ಇವರಿಗಿಂತ ಎಷ್ಟೋ ವಾಸಿ. ಮನೆ ಖರ್ಚಿಗಾಗಿ ಬ್ಯಾಂಟಿಂಗ್ ಅಲ್ಲಿನ ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಗಂಟೆಗೆ 2 ಡಾಲರಿನಂತೆ ಪಾರ್ಟ್‌ಟೈಮ್ ಪಾಠ ಮಾಡೋಕೆ ಒಪ್ಪಿಕೊಂಡರು.

ಆ ಪಾಠದ ತಯಾರಿಯೇ ತಿರುವು ಆಯಿತು. ಅಕ್ಟೋಬರ್ 30ರ ರಾತ್ರಿ, ದೇಹ ಸಕ್ಕರೆಯನ್ನು ಹೇಗೆ ಬಳಸುತ್ತೆ ಅನ್ನೋದರ ಬಗ್ಗೆ ಓದುತ್ತಿದ್ದರು. ಅವರಿಗೂ ಆ ವಿಷಯ ಅಷ್ಟಕ್ಕಷ್ಟೆ. ಮಲಗೋ ಮುಂಚೆ ಹೊಸದಾಗಿ ಬಂದಿದ್ದ ಸರ್ಜರಿ ಜರ್ನಲ್ ತೆರೆದರೆ ಅದರಲ್ಲಿ ಮೋಸೆಸ್ ಬ್ಯಾರನ್ ಅನ್ನೋರು ಮೇದೋಜೀರಕ ಗ್ರಂಥಿಯ, ಅಂದರೆ ಪ್ಯಾಂಕ್ರಿಯಾಸ್‌ನ, ಬಗ್ಗೆ ಬರೆದ ಲೇಖನ. ಕಲ್ಲು ಅಡ್ಡ ಬಂದು ಗ್ರಂಥಿಯ ನಾಳ ಮುಚ್ಚಿಹೋದರೆ ಜೀರ್ಣರಸ ಮಾಡೋ ಕೋಶಗಳು ಸತ್ತುಹೋಗುತ್ತವೆ, ಆದರೆ ಲ್ಯಾಂಗರ್‌ಹ್ಯಾನ್ಸ್ ದ್ವೀಪ ಅಂತ ಕರೆಯೋ ಚಿಕ್ಕ ಕೋಶಗಳ ಗುಂಪುಗಳು ಉಳಿಯುತ್ತವೆ ಅನ್ನೋದು ಅದರ ಸಾರ.

ಇಲ್ಲಿ ಸ್ವಲ್ಪ ಹಿನ್ನೆಲೆ ಬೇಕು. 1889ರಲ್ಲೇ ಜರ್ಮನಿಯಲ್ಲಿ ಮಿಂಕೊವ್‌ಸ್ಕಿ ಮತ್ತು ಫಾನ್ ಮೇರಿಂಗ್ ನಾಯಿಯ ಪ್ಯಾಂಕ್ರಿಯಾಸ್ ತೆಗೆದರೆ ಅದಕ್ಕೆ ಮಧುಮೇಹ ಬರುತ್ತೆ ಅಂತ ತೋರಿಸಿದ್ದರು. ಅಂದರೆ ಗ್ರಂಥಿಯೊಳಗೆ ಸಕ್ಕರೆಯನ್ನು ಹಿಡಿತದಲ್ಲಿಡೋ ಏನೋ ಇದೆ. ಅದನ್ನು ಹೊರತೆಗೆಯೋಕೆ 30 ವರ್ಷ ಬಹಳ ಜನ ಒದ್ದಾಡಿದ್ದರು. ಗ್ರಂಥಿ ಅರೆದು ರಸ ತೆಗೆದರೆ ಕೆಲವೊಮ್ಮೆ ಕೆಲಸ ಮಾಡೋದು, ಕೆಲವೊಮ್ಮೆ ಇಲ್ಲ, ಬಹಳ ಸಲ ವಿಷವೇ ಆಗೋದು. ಅದೇ ಗ್ರಂಥಿಯ ಜೀರ್ಣರಸ ಈ ಬೇಕಾದ ವಸ್ತುವನ್ನು ತಿಂದುಹಾಕುತ್ತೆ ಅಂತ ಹಲವರ ಅನುಮಾನ. ಹಾಗಾದರೆ ನಾಳ ಕಟ್ಟಿ, ಜೀರ್ಣರಸದ ಕೋಶಗಳು ಸಾಯೋವರೆಗೂ ಕಾದು, ಆಮೇಲೆ ರಸ ತೆಗೆದರೆ? ನಡುರಾತ್ರಿ ಎರಡು ಗಂಟೆಗೆ ಎದ್ದು ಬ್ಯಾಂಟಿಂಗ್ ನೋಟ್‌ಬುಕ್ಕಿನಲ್ಲಿ ನಾಲ್ಕಾರು ಸಾಲು ಬರೆದಿಟ್ಟರು. ಡಯಾಬಿಟಿಸ್ ಅನ್ನೋ ಪದದ ಸ್ಪೆಲಿಂಗ್ ಕೂಡ ತಪ್ಪು. ಆ ವಿಷಯದಲ್ಲಿ ಅವರ ತಯಾರಿ ಎಷ್ಟಿತ್ತು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ.

ವೆಸ್ಟರ್ನ್‌ನ ಪ್ರೊಫೆಸರ್ ಮಿಲ್ಲರ್ ಅವರನ್ನು ಕೇಳಿದರು. ಅವರು ಮಾಡಿದ್ದು ಸಣ್ಣ ಕೆಲಸ, ಆದರೆ ಬಹಳ ದೊಡ್ಡದು: ಇದು ನಮ್ಮ ಕೈಲಿ ಆಗೋದಲ್ಲ, ಟೊರಾಂಟೊದಲ್ಲಿ ಮೆಕ್ಲಾಯ್ಡ್ ಇದ್ದಾರೆ, ಅವರನ್ನು ನೋಡಿ ಅಂತ ಕಳಿಸಿದರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ಒಪ್ಪಿ ಸರಿಯಾದ ಬಾಗಿಲು ತೋರಿಸೋ ಮೇಷ್ಟ್ರು ಸಿಗೋದೂ ಅದೃಷ್ಟವೇ.

ಜಾನ್ ಜೇಮ್ಸ್ ರಿಕರ್ಡ್ ಮೆಕ್ಲಾಯ್ಡ್ ಸ್ಕಾಟ್ಲೆಂಡಿನವರು, ಶರೀರಕ್ರಿಯಾ ವಿಭಾಗದ ಮುಖ್ಯಸ್ಥರು, ಸಕ್ಕರೆ ಚಯಾಪಚಯದಲ್ಲಿ ಆ ಕಾಲದ ದೊಡ್ಡ ಹೆಸರು. ಜನಪ್ರಿಯ ಕತೆಯ ವಿಲನ್ ಇವರೇ. 1920ರ ನವೆಂಬರಿನಲ್ಲಿ ಪರಿಚಯವೇ ಇಲ್ಲದ ಒಬ್ಬ ಸರ್ಜನ್ ಬಂದು ಎದುರು ಕೂತು, ತಡವರಿಸುತ್ತಾ, ಹಿಂದಿನ ಸಂಶೋಧನೆ ಏನಾಗಿದೆ ಅಂತಲೂ ಸರಿಯಾಗಿ ಓದದೆ, ಲ್ಯಾಬ್ ಕೊಡಿ ಅಂದಾಗ ಅವರಿಗೆ ಅಷ್ಟೇನೂ ಉತ್ಸಾಹ ಬರಲಿಲ್ಲ. ಬರಬೇಕಾಗಿತ್ತು ಅಂತ ನಮಗೂ ಅನಿಸೋದಿಲ್ಲ. ಆದರೆ ಅವರು ಬಾಗಿಲು ಮುಚ್ಚಲಿಲ್ಲ. ಪೂರ್ತಿ ಸೊರಗಿದ ಗ್ರಂಥಿಯಿಂದ ರಸ ತೆಗೆಯೋದನ್ನು ಯಾರೂ ನೆಟ್ಟಗೆ ಮಾಡಿ ನೋಡಿಲ್ಲ, ಏನೂ ಸಿಗದಿದ್ದರೂ ಅದೂ ಒಂದು ಉತ್ತರವೇ ಅಂತ ಲೆಕ್ಕ ಹಾಕಿದರು. ಕೊನೆಗೆ ಕೊಟ್ಟಿದ್ದು ಇಷ್ಟು: ಬೇಸಿಗೆಯಲ್ಲಿ ಸುಮಾರು ಎಂಟು ವಾರ ಒಂದು ಕೋಣೆ, ಹತ್ತು ನಾಯಿ, ಸಹಾಯಕ್ಕೆ ಒಬ್ಬ ವಿದ್ಯಾರ್ಥಿ. ಸಂಬಳ ಇಲ್ಲ.

ಸಹಾಯಕ್ಕೆ ಇದ್ದದ್ದು ಒಬ್ಬರಲ್ಲ, ಇಬ್ಬರು ವಿದ್ಯಾರ್ಥಿಗಳು: ಚಾರ್ಲ್ಸ್ ಬೆಸ್ಟ್ ಮತ್ತು ಕ್ಲಾರ್ಕ್ ನೋಬಲ್. ಬೇಸಿಗೆಯನ್ನು ಇಬ್ಬರೂ ಹಂಚಿಕೊಳ್ಳಬೇಕಿತ್ತು. ಯಾರು ಮೊದಲು ಅಂತ ನಾಣ್ಯ ಚಿಮ್ಮಿದರು. ಬೆಸ್ಟ್‌ಗೆ ಬಿತ್ತು. ತಮ್ಮ ಸರದಿ ಮುಗಿಯೋ ಹೊತ್ತಿಗೆ ಬೆಸ್ಟ್ ಕೈ ಪಳಗಿತ್ತು, ನೋಬಲ್ ಅವರೇ ಮುಂದುವರಿಸಲಿ ಅಂತ ಬಿಟ್ಟುಕೊಟ್ಟರು. ಹಾಸ್ಟೆಲಿನಲ್ಲಿ ಟೀ ತರೋದು ಯಾರು ಅಂತ ಟಾಸ್ ಹಾಕೋ ನಮಗೆ ಇದನ್ನು ಓದಿ ಒಂದು ಕ್ಷಣ ಹೊಟ್ಟೆಯಲ್ಲಿ ಕಸಿವಿಸಿ ಆಯಿತು.

1921ರ ಮೇ 17ಕ್ಕೆ ಕೆಲಸ ಶುರು. ಮೊದಲ ಆಪರೇಷನ್‌ಗೆ ಮೆಕ್ಲಾಯ್ಡ್ ತಾವೇ ನಿಂತು ವಿಧಾನ ತೋರಿಸಿಕೊಟ್ಟರು. ಮುಂದೆ ಏನು ಮಾಡಬೇಕು ಅನ್ನೋ ಯೋಜನೆಯನ್ನೂ ಮಾತಾಡಿಕೊಂಡು ಜೂನ್ ಮಧ್ಯದಲ್ಲಿ ರಜೆಗೆ ಸ್ಕಾಟ್ಲೆಂಡಿಗೆ ಹೊರಟರು. ಬೇಸಿಗೆಯ ಕಾವು, ಕಟ್ಟಡದ ಮೇಲಿನ ಬಿಸಿ ಕೋಣೆ, ಸರಿಯಾಗಿ ತೊಳೆಯೋಕೂ ಆಗದ ನೆಲ. ಮೊದಲ ಎರಡು ವಾರದಲ್ಲೇ ಹತ್ತರಲ್ಲಿ ಏಳು ನಾಯಿ ಸತ್ತವು. ಬದಲಿ ನಾಯಿಗಳನ್ನು ಬೀದಿಯಲ್ಲಿ ಸಿಕ್ಕವರಿಂದ ಕೊಂಡುಕೊಂಡರು. ಜುಲೈನಲ್ಲಿ ನಾಳ ಕಟ್ಟಿದ್ದ ನಾಯಿಗಳ ಹೊಟ್ಟೆ ತೆರೆದು ನೋಡಿದರೆ ಬಹುಪಾಲು ನಾಯಿಗಳಲ್ಲಿ ಗ್ರಂಥಿ ಸೊರಗೇ ಇರಲಿಲ್ಲ. ಕಟ್ಟೋಕೆ ಬಳಸಿದ್ದ ಕ್ಯಾಟ್‌ಗಟ್ ದಾರ ಕೈಕೊಟ್ಟಿತ್ತು. ರೇಷ್ಮೆ ದಾರ ಹಾಕಿ ಮತ್ತೆ ಮೊದಲಿಂದ.

ಜುಲೈ 30. 410ನೇ ನಂಬರಿನ ನಾಯಿಗೆ ರಸ ಚುಚ್ಚಿದರು. ಒಂದು ಗಂಟೆಯಲ್ಲಿ ರಕ್ತದ ಸಕ್ಕರೆ ಶೇ. 0.20ರಿಂದ 0.12ಕ್ಕೆ ಇಳಿಯಿತು. ನಾಯಿ ಬದುಕಲಿಲ್ಲ, ಆದರೆ ಸಕ್ಕರೆ ಇಳಿದಿದ್ದು ಇಳಿದಿತ್ತು. ಆಗಸ್ಟಿನಲ್ಲಿ ಇನ್ನೂ ಚೆನ್ನಾಗಿ ಕೆಲಸ ಮಾಡಿತು. ಬ್ಯಾಂಟಿಂಗ್ ಸ್ಕಾಟ್ಲೆಂಡಿಗೆ ಪತ್ರ ಬರೆದರು. ಮೆಕ್ಲಾಯ್ಡ್ ಉತ್ತರದಲ್ಲಿ ಹೊಗಳಿಕೆ ಕಡಿಮೆ, ಪ್ರಶ್ನೆ ಜಾಸ್ತಿ: ಈ ಇಳಿತ ರಸದಿಂದಲೇ ಆಗಿದ್ದು ಅಂತ ಹೇಗೆ ಖಾತ್ರಿ, ಇನ್ನೇನು ಕಾರಣ ಇರಬಹುದು, ಇನ್ನೂ ಯಾವ ಪರೀಕ್ಷೆ ಮಾಡಬೇಕು. ಬ್ಯಾಂಟಿಂಗ್ ಇದನ್ನು ಅಪನಂಬಿಕೆ ಅಂತ ಓದಿಕೊಂಡರು. ಪ್ರಾಜೆಕ್ಟ್ ರಿವ್ಯೂನಲ್ಲಿ ಗೈಡ್ ಕಂಟ್ರೋಲ್ ಎಲ್ಲಿ, ರೀಡಿಂಗ್ ಎಷ್ಟು ಸಲ ತಗೊಂಡ್ರಿ ಅಂತ ಕೇಳಿದಾಗ ನಮಗೂ ಹಾಗೇ ಅನಿಸುತ್ತೆ ಅಲ್ವಾ. ಆದರೆ ಆ ಪತ್ರ ಒಬ್ಬ ಒಳ್ಳೆ ಗೈಡ್ ಬರೆಯಬೇಕಾದ ಪತ್ರವೇ ಆಗಿತ್ತು ಅನ್ನೋದು ನಮ್ಮ ಅಭಿಪ್ರಾಯ. ಮೂವತ್ತು ವರ್ಷದಲ್ಲಿ ಎಷ್ಟೋ ಜನ ಒಂದೆರಡು ಒಳ್ಳೆ ರೀಡಿಂಗ್ ನೋಡಿ ಗೆದ್ದೆವು ಅಂದುಕೊಂಡು ಎಡವಿದ್ದು ಮೆಕ್ಲಾಯ್ಡ್‌ಗೆ ಗೊತ್ತಿತ್ತು.

ಸೆಪ್ಟೆಂಬರ್ 21ಕ್ಕೆ ಅವರು ವಾಪಸ್ ಬಂದ ಮೇಲೆ ದೊಡ್ಡ ಜಗಳವೇ ಆಯಿತು. ಬ್ಯಾಂಟಿಂಗ್ ಕೇಳಿದ್ದು ಏನು ಗೊತ್ತಾ? ಸಂಬಳ, ಕೆಲಸಕ್ಕೊಂದು ಕೋಣೆ, ನಾಯಿ ನೋಡಿಕೊಳ್ಳೋಕೆ ಒಬ್ಬ ಹುಡುಗ, ಆಪರೇಷನ್ ಕೋಣೆಯ ನೆಲದ ರಿಪೇರಿ. ಚಂದ್ರನನ್ನು ಕೇಳಿರಲಿಲ್ಲ. ಇವರಿಗೆ ಕೊಟ್ಟರೆ ವಿಭಾಗದ ಬೇರೆ ಕೆಲಸಕ್ಕೆ ಕಡಿಮೆ ಬೀಳುತ್ತೆ ಅನ್ನೋದು ಮೆಕ್ಲಾಯ್ಡ್ ಕಷ್ಟ. ಬ್ಯಾಂಟಿಂಗ್ ಕೆಲಸ ಬಿಟ್ಟು ಹೋಗ್ತೀನಿ ಅಂತ ಎದ್ದರು. ಲಂಡನ್‌ನ ಕ್ಲಿನಿಕ್ ಮುಚ್ಚಿ ಬಂದಿದ್ದ ಮನುಷ್ಯ, ಕೈಯಲ್ಲಿ ಕಾಸಿಲ್ಲ. ಆಗ ಉಳಿಸಿದ್ದು ಔಷಧಶಾಸ್ತ್ರದ ಪ್ರೊಫೆಸರ್ ವೆಲಿಯನ್ ಹೆಂಡರ್ಸನ್. ತಮ್ಮ ವಿಭಾಗದಲ್ಲಿ ತಿಂಗಳಿಗೆ 250 ಡಾಲರ್ ಸಂಬಳದ ಕೆಲಸ ಕೊಟ್ಟರು. ಮೆಕ್ಲಾಯ್ಡ್ ಕೂಡ ಕೇಳಿದ್ದರಲ್ಲಿ ಬಹುಪಾಲು ಒಪ್ಪಿಕೊಂಡರು. ಹೆಂಡರ್ಸನ್ ಹೆಸರು ಯಾವ ಕ್ವಿಜ್‌ನಲ್ಲೂ ಬರಲ್ಲ. ಆ ಸಂಬಳ ಇಲ್ಲದಿದ್ದರೆ ಬ್ಯಾಂಟಿಂಗ್ ಆ ಅಕ್ಟೋಬರಿನಲ್ಲಿ ಟೊರಾಂಟೊ ಬಿಟ್ಟು ಹೋಗಿರುತ್ತಿದ್ದರು ಅಂತ ನಂಬೋಕೆ ಎಲ್ಲ ಕಾರಣ ಇದೆ.

ಇನ್ನೊಂದು ಸ್ವಾರಸ್ಯ. ಆ ರಾತ್ರಿ ಹೊಳೆದ ಐಡಿಯಾ, ನಾಳ ಕಟ್ಟೋದು, ಅಸಲಿಗೆ ಬೇಕಾಗೇ ಇರಲಿಲ್ಲ. ಒಂದೊಂದು ನಾಯಿಗೂ ವಾರಗಟ್ಟಲೆ ಕಾಯಬೇಕಾಗಿ ಬಂದಾಗ ಬ್ಯಾಂಟಿಂಗ್‌ಗೆ ಹಳ್ಳಿಯ ನೆನಪಾಯಿತು. ಕಸಾಯಿಖಾನೆಗೆ ಬರೋ ಹಸುಗಳಲ್ಲಿ ಎಷ್ಟೋ ಗಬ್ಬದ ಹಸುಗಳಿರುತ್ತವೆ ಅನ್ನೋದು ರೈತನ ಮಗನಿಗೆ ಗೊತ್ತಿತ್ತು. ಹುಟ್ಟದ ಕರುವಿನ ಗ್ರಂಥಿಯಲ್ಲಿ ಜೀರ್ಣರಸ ಇನ್ನೂ ಶುರುವಾಗಿರೋದಿಲ್ಲ, ನಾಳ ಕಟ್ಟೋ ಗೋಜೇ ಇಲ್ಲ. ನವೆಂಬರಿನಲ್ಲಿ ಅದು ಫಲ ಕೊಟ್ಟಿತು. ಡಿಸೆಂಬರಿನ ಹೊತ್ತಿಗೆ ಬೆಳೆದ ದನದ ಇಡೀ ಗ್ರಂಥಿಯಿಂದಲೇ ಆಲ್ಕೊಹಾಲ್ ಬಳಸಿ ರಸ ತೆಗೆಯಬಹುದು ಅಂತ ಗೊತ್ತಾಯಿತು. ಮೂಲ ಐಡಿಯಾ ಬಿದ್ದುಹೋಯಿತು, ಕೆಲಸ ಉಳಿಯಿತು.

ರಸ ಕೆಲಸವೇನೋ ಮಾಡುತ್ತಿತ್ತು, ಆದರೆ ಕೊಳೆ ತುಂಬಿತ್ತು. ಮನುಷ್ಯರಿಗೆ ಚುಚ್ಚೋ ಹಾಗಿರಲಿಲ್ಲ. ಅದನ್ನು ಶುದ್ಧ ಮಾಡೋಕೆ ಬಂದವರು ಜೇಮ್ಸ್ ಬರ್ಟ್ರಂ ಕಾಲಿಪ್, ಆಲ್ಬರ್ಟಾ ವಿಶ್ವವಿದ್ಯಾಲಯದ ಜೀವರಸಾಯನ ತಜ್ಞ, ವಯಸ್ಸು 29. ಕಾಲಿಪ್ ಆ ಹೊತ್ತಿಗೆ ಟೊರಾಂಟೊದಲ್ಲಿ ಇದ್ದದ್ದಾದರೂ ಯಾಕೆ? ರಾಕ್‌ಫೆಲರ್ ಫೌಂಡೇಶನ್ ಕೊಟ್ಟ ಪ್ರವಾಸಿ ಫೆಲೋಶಿಪ್ ಮೇಲೆ. ಒಂದು ವರ್ಷ ಬೇರೆ ಲ್ಯಾಬ್‌ಗಳಿಗೆ ಹೋಗಿ ಕಲಿತು ಬಾ ಅಂತ ಯುವ ಸಂಶೋಧಕನಿಗೆ ಕೊಟ್ಟ ಹಣ ಅದು. ಇನ್ಸುಲಿನ್‌ಗಾಗಿ ಕೊಟ್ಟಿದ್ದಲ್ಲ. ಆದರೆ ಆ ಫೆಲೋಶಿಪ್ ಇಲ್ಲದಿದ್ದರೆ ಕಾಲಿಪ್ ಆ ಚಳಿಗಾಲದಲ್ಲಿ ಎಡ್ಮಂಟನ್‌ನಲ್ಲಿ ಪಾಠ ಮಾಡುತ್ತಾ ಇರುತ್ತಿದ್ದರು.

ಇದರ ನಡುವೆ ಡಿಸೆಂಬರ್ 30ರಂದು ನ್ಯೂ ಹೇವನ್‌ನಲ್ಲಿ ಅಮೆರಿಕನ್ ಫಿಸಿಯಲಾಜಿಕಲ್ ಸೊಸೈಟಿ ಸಭೆ. ದೊಡ್ಡದೊಡ್ಡವರ ಎದುರು ಬ್ಯಾಂಟಿಂಗ್ ಮೊದಲ ಸಲ ಪೇಪರ್ ಮಂಡಿಸಿದರು. ನಾಲಿಗೆ ಒಣಗಿತು, ಮಾತು ಹಳಿ ತಪ್ಪಿತು, ಪ್ರಶ್ನೆಗಳು ಚುಚ್ಚಿದವು. ಸಭೆ ನಡೆಸುತ್ತಿದ್ದ ಮೆಕ್ಲಾಯ್ಡ್ ಮಧ್ಯೆ ಬಂದು ಉತ್ತರ ಕೊಟ್ಟರು. ಶಿಷ್ಯನನ್ನು ಕಾಪಾಡಿದೆ ಅಂತ ಅವರ ಲೆಕ್ಕ ಇದ್ದಿರಬಹುದು. ನನ್ನ ಕೆಲಸವನ್ನು ಕಿತ್ತುಕೊಂಡರು ಅಂತ ಬ್ಯಾಂಟಿಂಗ್ ಲೆಕ್ಕ. ಅವತ್ತು ಬಿದ್ದ ಬಿರುಕು ಮತ್ತೆ ಕೂಡಲೇ ಇಲ್ಲ. ಯಾವ ಕೆಲಸಕ್ಕೆ ಯಾರ ಹೆಸರು, ಯಾವ ಕ್ರಮದಲ್ಲಿ, ಯಾರು ಮಂಡಿಸೋದು ಅಂತ ಇವರು ಶುರುವಿನಲ್ಲಿ ಕೂತು ಮಾತಾಡಿಕೊಂಡೇ ಇರಲಿಲ್ಲ.

ಇನ್ನೊಂದು ಕೊರತೆಯೂ ಆಗಲೇ ಮುಳ್ಳಾಯಿತು. ಬ್ಯಾಂಟಿಂಗ್ ಡಾಕ್ಟರೇ ಆದರೂ ಟೊರಾಂಟೊ ಜನರಲ್ ಆಸ್ಪತ್ರೆಯಲ್ಲಿ ಅವರಿಗೆ ಯಾವ ಹುದ್ದೆಯೂ ಇರಲಿಲ್ಲ. ತಾವೇ ಮಾಡಿದ ಔಷಧಿಯನ್ನು ತಾವೇ ರೋಗಿಗೆ ಕೊಡೋ ಹಾಗಿಲ್ಲ. ಲ್ಯಾಬ್‌ನಿಂದ ಹಾಸಿಗೆವರೆಗಿನ ಆ ನೂರಾರು ಅಡಿ ದೂರ ಅವರಿಗೆ ಬೇರೆಯವರ ಜಾಗ. ಕಾಲಿಪ್ ಮುಂದೆ ಹೋಗಿಬಿಡುತ್ತಾರೆ ಅನ್ನೋ ಆತಂಕದಲ್ಲಿ, ತಮ್ಮ ಮತ್ತು ಬೆಸ್ಟ್ ಮಾಡಿದ ರಸವೇ ಮೊದಲು ಮನುಷ್ಯನಿಗೆ ಹೋಗಬೇಕು ಅಂತ ಹಟ ಹಿಡಿದರು. 1922ರ ಜನವರಿ 11ರಂದು ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಅದನ್ನು ಚುಚ್ಚಿದರು. 65 ಪೌಂಡ್, ಅಂದರೆ 30 ಕೆಜಿಯೂ ಇಲ್ಲದ, ಎಲುಬಿನ ಗೂಡಾಗಿದ್ದ ಹುಡುಗ. ಆಗ ಇದ್ದ ಏಕೈಕ ಚಿಕಿತ್ಸೆ ಉಪವಾಸ ಹಾಕೋದು, ಅದರಿಂದ ಸಾವು ಸ್ವಲ್ಪ ಮುಂದಕ್ಕೆ ಹೋಗುತ್ತಿತ್ತು ಅಷ್ಟೆ. ಸಕ್ಕರೆ ಸ್ವಲ್ಪ ಇಳಿಯಿತು, ಚುಚ್ಚಿದ ಜಾಗದಲ್ಲಿ ಕೀವು ತುಂಬಿತು. ನಿಲ್ಲಿಸಿಬಿಟ್ಟರು.

ಕಾಲಿಪ್ ಹಗಲೂ ರಾತ್ರಿ ಕೂತು, ಆಲ್ಕೊಹಾಲಿನ ಪ್ರಮಾಣವನ್ನು ಹಂತಹಂತವಾಗಿ ಏರಿಸುತ್ತಾ, ಬೇಡದ ಪ್ರೋಟೀನ್ ಎಲ್ಲ ಕೆಳಗಿಳಿದು ಬೇಕಾದ್ದು ಮಾತ್ರ ಕರಗಿ ಉಳಿಯೋ ಬಿಂದು ಹಿಡಿದರು. ಜನವರಿ 23ರಂದು ಅದೇ ಹುಡುಗನಿಗೆ ಈ ಹೊಸ ರಸ. ಸಕ್ಕರೆ 520ರಿಂದ 120ಕ್ಕೆ. ಹುಡುಗ ಎದ್ದು ಕೂತ. ಆಮೇಲೆ ಅವನು 13 ವರ್ಷ ಬದುಕಿದ.

ಅದೇ ವಾರ ಲ್ಯಾಬ್‌ನಲ್ಲಿ ಏನಾಯಿತು ಗೊತ್ತಾ? ಶುದ್ಧ ಮಾಡೋ ವಿಧಾನವನ್ನು ಹೇಳೋದಿಲ್ಲ ಅಂತ ಕಾಲಿಪ್ ಅಂದಿದ್ದಕ್ಕೆ ಬ್ಯಾಂಟಿಂಗ್ ಅವರ ಮೇಲೆ ಕೈ ಮಾಡಿದರು. ಬೆಸ್ಟ್ ಬಿಡಿಸಬೇಕಾಯಿತು. ಪೆಟ್ಟಿನ ಮರುದಿನಗಳಲ್ಲಿ ವಿಶ್ವವಿದ್ಯಾಲಯದ ಕನಾಟ್ ಲ್ಯಾಬೊರೇಟರಿ ಮಧ್ಯೆ ಬಂದು ಒಂದು ಒಪ್ಪಂದ ಬರೆಸಿತು. ಯಾರೂ ಸ್ವಂತಕ್ಕೆ ಪೇಟೆಂಟಿಗೆ ಹೋಗಬಾರದು, ಯಾವ ಬದಲಾವಣೆ ಇದ್ದರೂ ಎಲ್ಲರೂ ಕೂತು ಮಾತಾಡಿಯೇ ಮಾಡಬೇಕು ಅಂತ. ಈ ಕಾಗದ ಒಂದು ವರ್ಷ ಮೊದಲೇ ಬರೆದಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ಅನಿಸದೆ ಇರೋಲ್ಲ.

ನಮ್ಮಂಥ ಎಂಜಿನಿಯರಿಂಗ್ ಓದೋರಿಗೆ ಹತ್ತಿರದ ಭಾಗ ಇನ್ನು ಮುಂದಿನದು. ಚಿಕ್ಕ ಫ್ಲಾಸ್ಕಿನಲ್ಲಿ ಬಂದದ್ದು ದೊಡ್ಡ ಪಾತ್ರೆಯಲ್ಲಿ ಬರಲಿಲ್ಲ. ಫೆಬ್ರವರಿ, ಮಾರ್ಚ್ ಹೊತ್ತಿಗೆ ಕಾಲಿಪ್‌ಗೂ ಹಳೇ ಹದ ಸಿಗದೆ ಹೋಯಿತು. ರೋಗಿಗಳಿಗೆ ಔಷಧಿ ನಿಂತಿತು, ಕೆಲವರು ಸತ್ತರು. ಬ್ಯಾಂಟಿಂಗ್ ಆ ದಿನಗಳಲ್ಲಿ ಲ್ಯಾಬ್‌ಗೆ ಬರೋದೇ ಬಿಟ್ಟು ಕುಡಿತಕ್ಕೆ ಬಿದ್ದಿದ್ದರು, ಬೆಸ್ಟ್ ಹೋಗಿ ಕರೆತಂದರು. ಆವಿಯಾಗಿಸೋ ವಿಧಾನ, ತಾಪಮಾನ, ಗಾಳಿಯ ಒತ್ತಡ ಒಂದೊಂದನ್ನೂ ಸರಿಮಾಡಿ ಮೇ ಹೊತ್ತಿಗೆ ಮತ್ತೆ ಉತ್ಪಾದನೆ ಹಿಡಿತಕ್ಕೆ ಬಂತು. ಆಮೇಲೆ ಅಮೆರಿಕದ ಎಲಿ ಲಿಲ್ಲಿ ಕಂಪನಿ ಕೈಜೋಡಿಸಿತು. ಅಲ್ಲಿನ ಜಾರ್ಜ್ ವಾಲ್ಡನ್, ದ್ರಾವಣದ ಆಮ್ಲೀಯತೆಯನ್ನು ಒಂದು ನಿರ್ದಿಷ್ಟ ಬಿಂದುವಿಗೆ ತಂದರೆ ಇನ್ಸುಲಿನ್ ತಾನಾಗೇ ತಳಕ್ಕೆ ಕೂರುತ್ತೆ ಅಂತ ಕಂಡುಕೊಂಡ ಮೇಲೆ ಪ್ರಮಾಣವೂ ಬಂತು, ಶುದ್ಧತೆಯೂ ಬಂತು. ಪೇಟೆಂಟನ್ನು ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ಮೂವರೂ ತಲಾ ಒಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಬರೆದುಕೊಟ್ಟರು. ಡಾಕ್ಟರ ಪ್ರತಿಜ್ಞೆಗೆ ಇದು ಸರಿಹೋಗಲ್ಲ ಅಂತ ಬ್ಯಾಂಟಿಂಗ್ ಮೊದಲು ಹೆಸರು ಸೇರಿಸೋಕೇ ಒಪ್ಪಿರಲಿಲ್ಲ.

ಕ್ಲಿನಿಕ್‌ನ ಬಾಗಿಲೂ ಕೊನೆಗೆ ತೆರೆಯಿತು. ಮಾಜಿ ಸೈನಿಕರ ಕ್ರಿಸ್ಟೀ ಸ್ಟ್ರೀಟ್ ಆಸ್ಪತ್ರೆಯಲ್ಲಿ ಬ್ಯಾಂಟಿಂಗ್‌ಗೆ ಮಧುಮೇಹದ ಕ್ಲಿನಿಕ್ ಸಿಕ್ಕಿತು. ಅಲ್ಲಿ ಅವರ ಕಾಲೇಜು ಕ್ಲಾಸ್‌ಮೇಟ್ ಡಾಕ್ಟರ್ ಜೋ ಗಿಲ್‌ಕ್ರಿಸ್ಟ್ ಜೊತೆಗಿದ್ದರು. ಗಿಲ್‌ಕ್ರಿಸ್ಟ್‌ಗೂ ಮಧುಮೇಹ. ಹೊಸ ಬ್ಯಾಚ್ ಬಂದಾಗಲೆಲ್ಲ ಅದನ್ನು ಮೊದಲು ತಮ್ಮ ಮೈಮೇಲೇ ಪರೀಕ್ಷಿಸಿಕೊಳ್ಳುತ್ತಿದ್ದರು. ಆ ಆಗಸ್ಟಿನಲ್ಲಿ ಅಮೆರಿಕದ ವಿದೇಶಾಂಗ ಕಾರ್ಯದರ್ಶಿಯ ಮಗಳು ಎಲಿಜಬೆತ್ ಹ್ಯೂಸ್ ಬಂದಳು, 15 ತುಂಬುತ್ತಿದ್ದ ಹುಡುಗಿ, ತೂಕ ಸುಮಾರು 20 ಕೆಜಿ. ಆಕೆ 1981ರವರೆಗೆ ಬದುಕಿದ್ದರು.

1923ರ ನೊಬೆಲ್ ಬ್ಯಾಂಟಿಂಗ್ ಮತ್ತು ಮೆಕ್ಲಾಯ್ಡ್ ಇಬ್ಬರಿಗೆ ಬಂತು. ಬ್ಯಾಂಟಿಂಗ್‌ಗೆ ಆಗಿನ್ನೂ 32. ವೈದ್ಯಕೀಯ ನೊಬೆಲ್ ಪಡೆದವರಲ್ಲಿ ಅವರೇ ಇವತ್ತಿಗೂ ಅತಿ ಕಿರಿಯರು. ಸಂತೋಷಪಡೋ ಬದಲು ಕೆಂಡವಾದರು. ಮೆಕ್ಲಾಯ್ಡ್ ಜೊತೆಗಾ, ಬೆಸ್ಟ್ ಎಲ್ಲಿ? ತಮ್ಮ ಪಾಲಿನ ಅರ್ಧ ಹಣವನ್ನು ಬೆಸ್ಟ್‌ಗೆ ಕೊಟ್ಟರು. ಮೆಕ್ಲಾಯ್ಡ್ ತಮ್ಮದರಲ್ಲಿ ಅರ್ಧ ಕಾಲಿಪ್‌ಗೆ ಕೊಟ್ಟರು. ಬುಕಾರೆಸ್ಟಿನಲ್ಲಿ ನಿಕೊಲಾಯ್ ಪೌಲೆಸ್ಕು ಅನ್ನೋ ವಿಜ್ಞಾನಿ 1921ರಲ್ಲೇ ನಾಯಿಗಳ ಮೇಲೆ ಇಂಥದ್ದೇ ಫಲಿತಾಂಶ ಪ್ರಕಟಿಸಿದ್ದರು. ಅವರಿಗೆ ಏನೂ ಸಿಗಲಿಲ್ಲ, ರುಮೇನಿಯಾದವರ ಸಿಟ್ಟು ಇವತ್ತಿಗೂ ತಣ್ಣಗಾಗಿಲ್ಲ. ಅದರಲ್ಲಿ ನ್ಯಾಯ ಇದೆ. ಆದರೆ ಪೌಲೆಸ್ಕು ಅವರ ಸುತ್ತ ಒಬ್ಬ ಕಾಲಿಪ್, ಒಂದು ಕನಾಟ್, ಒಂದು ಲಿಲ್ಲಿ ಇರಲಿಲ್ಲ ಅನ್ನೋದೂ ಅಷ್ಟೇ ನಿಜ.

ಮೆಕ್ಲಾಯ್ಡ್ 1928ರಲ್ಲಿ ಟೊರಾಂಟೊ ಬಿಟ್ಟು ಆಬರ್ಡೀನ್‌ಗೆ ಹೋದರು, 1935ರಲ್ಲಿ ತೀರಿಕೊಂಡರು. ಆಮೇಲೆ ಬಹಳ ವರ್ಷ ಅವರ ಪಾಲು ಜನರಿಗೆ ಮರೆತೇಹೋಗಿತ್ತು.

ಬ್ಯಾಂಟಿಂಗ್‌ಗೆ ಈಗ ಎಲ್ಲವೂ ಸಿಕ್ಕಿತು, ಸ್ವಲ್ಪ ಅತಿಯಾಗಿಯೇ. ಒಂಟಾರಿಯೊ ಶಾಸನಸಭೆ ಅವರ ಮತ್ತು ಬೆಸ್ಟ್ ಹೆಸರಿನಲ್ಲಿ ಪ್ರೊಫೆಸರ್ ಪೀಠ ಮಾಡಿತು. ಕೆನಡಾ ಸರಕಾರ ಜೀವನಪೂರ್ತಿ ವರ್ಷಕ್ಕೆ 7,500 ಡಾಲರ್ ಕೊಟ್ಟಿತು. 1934ರಲ್ಲಿ ಸರ್ ಪದವಿ. ನಾಲ್ಕು ಡಾಲರ್ ತಿಂಗಳು ನೋಡಿದವರು ಈಗ ದೇಶದ ಹೀರೋ, ಮುಂದಿನ ಪವಾಡ ಯಾವಾಗ ಅಂತ ಎಲ್ಲರೂ ಕಾಯುತ್ತಾ ಇದ್ದರು. ಕ್ಯಾನ್ಸರ್ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು, ಏನೂ ದಕ್ಕಲಿಲ್ಲ. ಅವರಿಗೆ ಸಂಶೋಧನೆಯ ತರಬೇತಿ ಮೊದಲೂ ಇರಲಿಲ್ಲ, ಹೀರೋ ಆದ ಮೇಲೆ ಕಲಿಸೋ ಧೈರ್ಯ ಯಾರಿಗಿತ್ತು? ಸಮಾಧಾನಕ್ಕೆ ಚಿತ್ರ ಬರೆಯುತ್ತಿದ್ದರು. ಪ್ರಸಿದ್ಧ ಚಿತ್ರಕಾರ ಎ. ವೈ. ಜಾಕ್ಸನ್ ಜೊತೆ 1927ರಲ್ಲಿ ಆರ್ಕ್‌ಟಿಕ್‌ವರೆಗೂ ಹೋಗಿ ಬಂದರು.

ಆದರೆ ಬೇರೆಯವರಿಗೆ ಜಾಗ ಮಾಡಿಕೊಡೋದರಲ್ಲಿ ಅವರ ಕೈ ದೊಡ್ಡದು. ಅವರ ವಿಭಾಗದಲ್ಲಿ ಗಣಿ ಕಾರ್ಮಿಕರ ಶ್ವಾಸಕೋಶಕ್ಕೆ ಕಲ್ಲುಧೂಳು ಹೋಗಿ ಬರೋ ಸಿಲಿಕೋಸಿಸ್ ಬಗ್ಗೆ ಒಳ್ಳೆ ಕೆಲಸ ನಡೆಯಿತು. ವಿಲ್ಬರ್ ಫ್ರ್ಯಾಂಕ್ಸ್ ಅನ್ನೋ ಕ್ಯಾನ್ಸರ್ ಸಂಶೋಧಕ ಅಲ್ಲೇ ಇದ್ದವರು. ಸೆಂಟ್ರಿಫ್ಯೂಜ್‌ನಲ್ಲಿ ಗಾಜಿನ ಟ್ಯೂಬ್ ಒಡೆಯದ ಹಾಗೆ ನೀರಿನಲ್ಲಿ ಇಟ್ಟು ತಿರುಗಿಸುತ್ತಿದ್ದ ಅವರಿಗೆ, ಪೈಲಟ್‌ನ ಸುತ್ತಲೂ ನೀರು ಇದ್ದರೆ ವಿಮಾನ ಗಕ್ಕನೆ ತಿರುಗಿದಾಗ ಪ್ರಜ್ಞೆ ತಪ್ಪೋದನ್ನು ತಡೀಬಹುದಲ್ವಾ ಅನಿಸಿತು. ನೀರು ತುಂಬಿದ ರಬ್ಬರ್ ಚೀಲದಲ್ಲಿ ಇಲಿ ಇಟ್ಟು ತಿರುಗಿಸಿ ನೋಡಿದರು. ಕ್ಯಾನ್ಸರ್ ಬಿಟ್ಟು ಇದೇನು ಅಂತ ಬೈಯದೆ ಬ್ಯಾಂಟಿಂಗ್ ಬೆನ್ನಿಗೆ ನಿಂತರು. ಇವತ್ತು ಫೈಟರ್ ಪೈಲಟ್‌ಗಳು ತೊಡೋ ಜಿ-ಸೂಟ್‌ನ ಮೊದಲ ರೂಪ ಅದು. 1938ರಲ್ಲಿ ರಾಷ್ಟ್ರೀಯ ಸಂಶೋಧನಾ ಮಂಡಳಿ ವೈದ್ಯಕೀಯ ಸಂಶೋಧನೆಗೆ ಸಮಿತಿ ಮಾಡಿದಾಗ ಬ್ಯಾಂಟಿಂಗ್ ಅಧ್ಯಕ್ಷರಾದರು. ದೇಶದ ಮೆಡಿಕಲ್ ಕಾಲೇಜುಗಳಿಗೆ ಸುತ್ತಿ, ಎಲ್ಲಿ ಯಾವ ಹುಡುಗರಲ್ಲಿ ಸಂಶೋಧನೆಯ ಹುಚ್ಚಿದೆ, ಅವರಿಗೆ ಏನು ಬೇಕು ಅಂತ ನೋಡಿಕೊಂಡು ಬಂದರು. ಸಂಬಳ, ಕೋಣೆ, ನಾಯಿ ನೋಡೋ ಹುಡುಗ, ಒಡೆದ ನೆಲ ಇವೆಲ್ಲ ಅವರಿಗೆ ಮರೆತಿರಲಿಕ್ಕಿಲ್ಲ.

ಎರಡನೇ ಮಹಾಯುದ್ಧದ ಸಂಶೋಧನೆಯ ಕೆಲಸಕ್ಕೆ ಇಂಗ್ಲೆಂಡಿಗೆ ಹೊರಟಿದ್ದ ಹಡ್ಸನ್ ವಿಮಾನ 1941ರ ಫೆಬ್ರವರಿ 20ರ ರಾತ್ರಿ ನ್ಯೂಫೌಂಡ್‌ಲೆಂಡಿನ ಹಿಮದ ಕಾಡಿನಲ್ಲಿ ಬಿತ್ತು. ಪೈಲಟ್ ಬದುಕಿ ಉಳಿದರು. ಬ್ಯಾಂಟಿಂಗ್ ಮರುದಿನ ತೀರಿಕೊಂಡರು, 49 ವರ್ಷಕ್ಕೆ.

ಬೆಸ್ಟ್ 1929ರಲ್ಲೇ ಮೆಕ್ಲಾಯ್ಡ್ ಕೂತಿದ್ದ ಕುರ್ಚಿಗೇ ಪ್ರೊಫೆಸರ್ ಆಗಿ ಬಂದಿದ್ದರು. ಕಾಲಿಪ್ ಹಾರ್ಮೋನುಗಳ ಮೇಲೆ ಇನ್ನೂ ದೊಡ್ಡ ಕೆಲಸ ಮಾಡಿದರು. ಟಾಸ್ ಸೋತ ಕ್ಲಾರ್ಕ್ ನೋಬಲ್ 1922ರಲ್ಲಿ ಅದೇ ಲ್ಯಾಬ್‌ಗೆ ಬಂದು, ಇನ್ಸುಲಿನ್ ಹೆಚ್ಚಾದರೆ ಮೊಲಗಳಿಗೆ ಏನಾಗುತ್ತೆ ಅನ್ನೋ ಕೆಲಸದಲ್ಲಿ ಸೇರಿಕೊಂಡರು. ಆ ಪೇಪರಿನಲ್ಲಿ ಅವರ ಹೆಸರೂ ಇದೆ. ಬ್ಯಾಂಟಿಂಗ್ ರಿಸರ್ಚ್ ಫೌಂಡೇಶನ್ 1925ರಲ್ಲಿ ಶುರುವಾಗಿದ್ದು, ಕೆನಡಾದಲ್ಲಿ ಆರೋಗ್ಯ ಸಂಶೋಧನೆಗೆ ಹೊಸದಾಗಿ ಕಾಲಿಡೋರಿಗೆ ಇವತ್ತಿಗೂ ಮೊದಲ ಹಣ ಕೊಡುತ್ತೆ. 2010ರಲ್ಲಿ ಕೆನಡಾ ಸರಕಾರ ಪಿಎಚ್‌ಡಿ ಮುಗಿಸಿದವರಿಗೆ ಬ್ಯಾಂಟಿಂಗ್ ಹೆಸರಿನ ಫೆಲೋಶಿಪ್ ಶುರುಮಾಡಿತು: ವರ್ಷಕ್ಕೆ 70,000 ಡಾಲರಿನಂತೆ ಎರಡು ವರ್ಷ. ಬೇರೆ ದೇಶದವರೂ ಅರ್ಜಿ ಹಾಕಬಹುದಿತ್ತು. ಅರ್ಜಿಯ ಜೊತೆ ಕೆಲಸ ಮಾಡೋ ಸಂಸ್ಥೆಯೂ ತಾನು ಈ ಸಂಶೋಧಕರಿಗೆ ಏನು ಜಾಗ, ಏನು ಸೌಲಭ್ಯ ಕೊಡ್ತೀನಿ ಅಂತ ಬರೆದು ಸಹಿ ಹಾಕಬೇಕಿತ್ತು.